ಲೋಹದ ಹನಿಯೂ ಆಲೆಮನೆಯ ಪಾಕವೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಬೆಳೆದ ಬಾಲಕನಿಗೆ ಆಲೆಮನೆ ಹೊಸತಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಹದಕ್ಕೆ ಬಂದಿತೋ ಇಲ್ಲವೋ ಎಂದು ತಿಳಿಯಲು, ಬೆಲ್ಲ ಮಾಡುವವನು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಅದು ಉಂಡೆಗಟ್ಟುವ ಬಗೆಯನ್ನು ಬೆರಳಿನಿಂದ ಪರೀಕ್ಷಿಸುತ್ತಾನೆ. ಇದೇ ಬಗೆಯ ಪ್ರಶ್ನೆಯನ್ನು ಕರಗಿದ ಲೋಹದ ಹನಿಯ ವಿಷಯದಲ್ಲಿ ಕೇಳಿ, ಗಣಕಯಂತ್ರದಲ್ಲಿ ಉತ್ತರವನ್ನು ಅರಸುವ ಶಾಸ್ತ್ರವೊಂದು ಈಗ ಬೆಳೆದಿದೆ. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ಲೋಹಗಳು ಗಟ್ಟಿಯಾಗುವ ಬಗೆಯನ್ನು ಹೀಗೆ ಗಣಿಸುತ್ತಾರೆ. ಇದನ್ನು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡದಲ್ಲಿಯೇ ಹೇಳಬೇಕು, ಹೇಳಲೂಬಹುದು ಎಂಬುದು ನನ್ನ ಅಭಿಮತ.

ವಿಮಾನದ ಎಂಜಿನ್ನಿನ ಭಾಗಗಳಿಗೆ ರಕ್ಷಾಲೇಪವನ್ನು ಕೊಡುವಾಗ ಕರಗಿದ ಲೋಹವನ್ನು ಸಿಂಪಡಿಸುವುದುಂಟು. ಕೂದಲೆಳೆಯಷ್ಟು ಕಿರಿದಾದ ಹನಿ ತಗಡಿಗೆ ಬಡಿದು, ಹರಡಿ, ಹೆಪ್ಪುಗಟ್ಟುವುದೆಲ್ಲ ಸೆಕೆಂಡಿನ ಲಕ್ಷಾಂಶಗಳ ಆಸುಪಾಸಿನ ಕಾಲದಲ್ಲಿ. ಬರಿಗಣ್ಣಿಗೆ ಅದು ಗೋಚರವಲ್ಲ. ಆದಕಾರಣ ಹನಿಯನ್ನು ಸಾವಿರಾರು ಕೋಶಗಳಾಗಿ ವಿಭಾಗಿಸಿ, ಪ್ರತಿಯೊಂದರ ವೇಗವನ್ನೂ ತಾಪವನ್ನೂ ಕ್ಷಣಕ್ಷಣಕ್ಕೆ ಲೆಕ್ಕಹಾಕುತ್ತಾರೆ. ಗಟ್ಟಿಯಾಗುವ ಲೋಹ ತನ್ನ ಗುಪ್ತೋಷ್ಣವನ್ನು ಹೊರಗೆಡಹುತ್ತದೆ. ಆ ಲೆಕ್ಕವನ್ನು ಬಿಟ್ಟರೆ ಉತ್ತರ ಸುಳ್ಳಾಗುತ್ತದೆ. ತಗಡು ತಣ್ಣಗಿದ್ದರೆ ಹನಿಯ ಅಂಚು ಚಿಮ್ಮಿ ಹರಿದುಹೋಗಬಹುದು. ಮೊದಲೇ ತಕ್ಕಷ್ಟು ಕಾಯಿಸಿದ್ದರೆ ಅದು ಬಿಲ್ಲೆಯಂತೆ ಸಮನಾಗಿ ಕೂರುತ್ತದೆ. ನಮ್ಮ ಜಿಲ್ಲೆಯ ನಾಗಮಂಗಲ ವಿಗ್ರಹಗಳ ಎರಕಕ್ಕೆ ಹೆಸರಾದ ಊರು. ಮೇಣದಚ್ಚಿನ ಎರಕದಲ್ಲಿ ಮಣ್ಣಿನ ಅಚ್ಚು ಬಿಸಿಯಾಗಿರುವಾಗಲೇ ಲೋಹವನ್ನು ಹೊಯ್ಯುವುದೂ ಅದು ಸಂದುಗೊಂದುಗಳನ್ನು ತುಂಬುವ ಮೊದಲೇ ಗಟ್ಟಿಯಾಗದಿರಲೆಂದು.

ಪಠ್ಯಪುಸ್ತಕ ಇದನ್ನು 'ಘನೀಭವನ'ವೆನ್ನುತ್ತದೆ. ಸಂಸ್ಕೃತವನ್ನು ಓದಿಕೊಂಡ ನನಗೆ ಆ ಶಬ್ದದ ಮೇಲೆ ದ್ವೇಷವೇನೂ ಇಲ್ಲ. ಆದರೆ ಮಳವಳ್ಳಿಯ ಹುಡುಗ ಅದನ್ನು ಉರುಹೊಡೆಯುತ್ತಾನೆಯೇ ಹೊರತು, ತಾನು ಕಣ್ಣಾರೆ ಕಂಡದ್ದರ ಹೆಸರೇ ಅದೆಂದು ಅರಿಯುವುದಿಲ್ಲ. ಎರಕ, ಅಚ್ಚು, ಮೂಸೆ, ಹದ, ಹೆಪ್ಪು—ಇವು ಮೊದಲು ಬರಲಿ. ಸಿಮ್ಯುಲೇಷನ್ನಿಗೆ ಕೆಲವರು 'ಅನುಕರಣೆ' ಎನ್ನುತ್ತಾರೆ. ಅದರಲ್ಲಿ ನಾಟಕದ ವಾಸನೆಯಿದೆ, 'ಪ್ರತಿರೂಪಣ'ವೇ ಮೇಲೆಂದು ನನಗೆ ತೋರುತ್ತದೆ. ಬೆಲ್ಲವೇನೂ ಲೋಹವಲ್ಲ: ಪಾಕದಲ್ಲಿ ಸಕ್ಕರೆ ಹರಳುಗಟ್ಟುತ್ತದೆ, ಶುದ್ಧಲೋಹಕ್ಕೋ ಕರಗುವ ತಾಪ ನಿಯತವಾದುದು. ಉಪಮೆಯಲ್ಲಿ ಸರ್ವಸಾಮ್ಯವನ್ನು ಯಾರೂ ಬೇಡರು. ವಿಜ್ಞಾನದ ಪಾಠದಲ್ಲಾದರೋ ಭೇದವನ್ನೂ ಹೇಳಲೇಬೇಕು.

ದಾನಿಗಳಲ್ಲಿ ಒಂದು ಅರಿಕೆ. ಹನಿಗೂ ತಗಡಿಗೂ ನಡುವೆ ಉಷ್ಣ ಎಷ್ಟು ಸರಾಗವಾಗಿ ದಾಟುತ್ತದೆಂಬುದನ್ನು ಗಣಕಯಂತ್ರ ತಾನಾಗಿ ಅರಿಯದು. ಪ್ರಯೋಗದಿಂದ ಅಳೆದು ಅದಕ್ಕೆ ಒದಗಿಸಬೇಕು. ಆದ್ದರಿಂದ ಶಾಲೆಗೆ ಗಣಕಯಂತ್ರಗಳನ್ನು ಕೊಡಿಸುವವರು ಜೊತೆಗೆ ಒಂದು ಒಲೆ, ಮೂಸೆ, ಉಷ್ಣಮಾಪಕ, ಅಷ್ಟು ತವರವನ್ನೂ ಕೊಡಿಸಲಿ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಧ್ಯಾಪಕರು ತಾವೇ ತಣ್ಣನೆಯ ತಾಮ್ರದ ತಗಡಿನ ಮೇಲೆ ಒಂದು ಹನಿಯನ್ನೂ ಕಾಯಿಸಿದ ತಗಡಿನ ಮೇಲೆ ಇನ್ನೊಂದನ್ನೂ ಬಿಡಲಿ; ಮಕ್ಕಳು ದೂರದಿಂದ ನೋಡಿ, ಆರಿದ ಮೇಲೆ ಎರಡರ ಅಗಲವನ್ನು ಅಳೆದು ಬರೆದುಕೊಂಡು, ಅನಂತರ ಗಣಕಯಂತ್ರದ ಮುಂದೆ ಕೂರಲಿ.