ಕಾರಿನ ಬಣ್ಣದ ಕಿತ್ತಳೆಸಿಪ್ಪೆ

ಹೊಸದಾಗಿ ಬಣ್ಣ ಹೊಡೆಸಿದ ಕಾರಿನ ಬಾನೆಟ್ಟಿನಲ್ಲಿ ಕೊಳವೆದೀಪದ ಪ್ರತಿಬಿಂಬವನ್ನು ನೋಡಿದರೆ, ಅದರ ಅಂಚು ನೇರವಾಗಿರದೆ ಅಲೆಯಲೆಯಾಗಿ ಕಾಣುವುದುಂಟು. ಕಿತ್ತಳೆಹಣ್ಣಿನ ಸಿಪ್ಪೆಯನ್ನು ಹೋಲುವ ಈ ತರಿಯನ್ನು ಗ್ಯಾರೇಜಿನವರು ‘ಆರೆಂಜ್ ಪೀಲ್’ ಎನ್ನುತ್ತಾರೆ. ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಿ, ಆಮೇಲೆ ಪಾಲಿಶ್ ಮಾಡಿದರೆ ಅದು ಮಾಯವಾಗುವುದು ನಿಜ. ಆದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕಾರುಳ್ಳವರು ಈ ಉಪಾಯಕ್ಕೆ ಆತುರಪಡಬಾರದೆಂದು ನಮ್ಮ ಅಭಿಪ್ರಾಯ.

ಸ್ಪ್ರೇ ಗನ್ನಿನಿಂದ ಹೊರಟ ಬಣ್ಣವು ಅಸಂಖ್ಯಾತ ಹನಿಗಳಾಗಿ ತಗಡಿನ ಮೇಲೆ ಬೀಳುತ್ತದೆ. ಮೇಲ್ಮೈ ಸೆಳೆತವು ಆ ಹನಿಗಳನ್ನು ಕೂಡಿಸಿ ಸಮತಲಗೊಳಿಸಲು ಸ್ವಲ್ಪ ಕಾಲಾವಕಾಶ ಬೇಕು. ಸಹ್ಯಾದ್ರಿಗೆ ಸಮೀಪದ ನಿಪ್ಪಾಣಿಗಿಂತ ಮಳೆಯ ನೆರಳಿನಲ್ಲಿರುವ ಅಥಣಿಯ ಹವೆ ಒಣದು. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಾದ ಪತ್ರಾಸಿನ ಕೆಳಗೆ ಬಣ್ಣ ಹೊಡೆದರೆ, ಹನಿಗಳು ಹರಡಿಕೊಳ್ಳುವ ಮೊದಲೇ ಥಿನ್ನರ್ ಹಾರಿಹೋಗಿ ಅವು ಇದ್ದಂತೆಯೇ ಗಟ್ಟಿಯಾಗುತ್ತವೆ. ಬಣ್ಣ ಮಂದವಾಗಿದ್ದರೂ, ಗಾಳಿಯ ಒತ್ತಡ ಸಾಲದಿದ್ದರೂ, ಗನ್ನನ್ನು ದೂರ ಹಿಡಿದರೂ ಇದೇ ಗತಿ. ಕಾರ್ಖಾನೆಯಿಂದ ಬಂದ ಹೊಚ್ಚಹೊಸ ಕಾರಿನಲ್ಲಿಯೂ ಈ ತರಿ ಅಷ್ಟಿಷ್ಟು ಇದ್ದೇ ಇರುತ್ತದೆ. ಬಹುಮಂದಿ ಅದನ್ನು ಗಮನಿಸುವುದಿಲ್ಲ.

ನೀರಿನಲ್ಲಿ ಉಜ್ಜುವ ಕಾಗದವನ್ನು 3ಎಂ ಸಂಸ್ಥೆಯು 1921ರಲ್ಲಿ ಮಾರುಕಟ್ಟೆಗೆ ತಂದಿತು. ನೀರು ಉಜ್ಜಿದ ಪುಡಿಯನ್ನು ತೊಳೆದೊಯ್ಯುತ್ತದೆ, ಕಾಗದ ಕಟ್ಟಿಕೊಳ್ಳದಂತೆ ಕಾಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಧೂಳು ಕೆಲಸಗಾರನ ಎದೆಗೆ ಹೋಗುವುದನ್ನು ತಡೆಯುತ್ತದೆ. ಒಣಗಿದ್ದನ್ನು ಉಜ್ಜುವುದಕ್ಕಿಂತ ಇದು ಮೇಲೆಂಬುದರಲ್ಲಿ ನಮಗೆ ಸಂದೇಹವಿಲ್ಲ. 1500, 2000, 3000 ಎಂಬ ಸಂಖ್ಯೆಗಳ ಕಾಗದಗಳಿಂದ ಕ್ರಮವಾಗಿ ಉಜ್ಜಿದರೆ ಗೀರುಗಳು ಸಣ್ಣವಾಗುತ್ತ ಬಂದು, ಕೊನೆಗೆ ಪಾಲಿಶಿಗೆ ಅಳಿದುಹೋಗುತ್ತವೆ.

ಪ್ರಶ್ನೆಯಿರುವುದು ಉಜ್ಜಿಹೋದ ಪದರದ ಕುರಿತು. ಈಗಿನ ಕಾರುಗಳ ಬಣ್ಣದ ಮೇಲಿರುವ ಪಾರದರ್ಶಕ ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತಲೂ ತೆಳುವು. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ರಕ್ಷಿಸುವ ದ್ರವ್ಯಗಳು ಇರುವುದು ಇದರಲ್ಲಿಯೇ. ತರಿಯನ್ನು ಪೂರ್ತಿ ಸಮಗೊಳಿಸುವಾಗ ಅದರಲ್ಲಿ ಎಂಟು ಹತ್ತು ಮೈಕ್ರಾನ್ ಹೋಗಬಹುದು. ಅದು ಮರಳಿ ಬಾರದು. ಕಬ್ಬಿನ ಹಂಗಾಮಿನ ರಸ್ತೆಧೂಳಿನ ಗೀರುಗಳನ್ನು ತೆಗೆಯಲೆಂದು ಅದೇ ಕಾರಿಗೆ ಮತ್ತೆ ಮತ್ತೆ ಪಾಲಿಶ್ ಮಾಡಿಸುವವರೂ ಇದ್ದಾರೆ! ತೆಳುವಾದ ಪದರ ಕೆಲವು ಬೇಸಿಗೆಗಳಲ್ಲಿ ಬೆಳ್ಳಗಾಗಿ ಹೊಪ್ಪಳಿಕೆಯಂತೆ ಏಳತೊಡಗಿದಾಗ, ದೂರು ಬರುವುದು ಬಣ್ಣದವನ ಮೇಲೆ.

ಆದಕಾರಣ ದೋಷವನ್ನು ಬಣ್ಣ ಹೊಡೆಯುವಾಗಲೇ ತಡೆಯುವುದು ಲೇಸು. ಬೇಸಿಗೆಯಲ್ಲಿ ನಿಧಾನವಾಗಿ ಆರುವ ಥಿನ್ನರನ್ನು ಬಳಸಿ, ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸುವುದು ಕಷ್ಟವೇನಲ್ಲ. ಅದಕ್ಕಾಗಿ ಒಂದು ದಿನ ಹೆಚ್ಚು ಕಾಯಲು ಮಾಲೀಕರು ಒಪ್ಪಬೇಕು. ಉಜ್ಜಲೆಂದೇ ಒಂದು ಪದರ ಹೆಚ್ಚಾಗಿ ಹೊಡೆದಿದ್ದರೆ ಮಾತು ಬೇರೆ. ಕಾರ್ಖಾನೆಯ ಮೂಲ ಬಣ್ಣಕ್ಕಾದರೋ, ದಪ್ಪವನ್ನು ಅಳೆಯದೆ ಕಾಗದ ಮುಟ್ಟಿಸಬಾರದು. ಸಾಮಾನ್ಯ ಮಾಪಕವು ಎಲ್ಲ ಪದರಗಳ ಒಟ್ಟು ದಪ್ಪವನ್ನಷ್ಟೇ ತೋರಿಸುವುದೆಂಬುದು ನೆನಪಿರಲಿ. ಬಾಗಿಲಿನ ಚೂಪು ಅಂಚುಗಳಲ್ಲಿ ಬಣ್ಣ ಮೊದಲೇ ತೆಳುವು. ಪ್ಲಾಸ್ಟಿಕ್ ಬಂಪರಿನ ಮೇಲೆ ಅಯಸ್ಕಾಂತದ ಮಾಪಕ ನಡೆಯದು. ಈ ಎರಡು ಕಡೆಗಳ ತರಿಯನ್ನು ಹಾಗೆಯೇ ಬಿಡುವುದು ನಮಗೆ ಒಪ್ಪಿಗೆ.