ಗಡಿಯ ಮಕ್ಕಳ ಬಾಯಿ ಬಿಡಿಸುವ ಬಣ್ಣದ ಪುಟ

ಕರೂರು (ಸಿರುಗುಪ್ಪ ತಾಲ್ಲೂಕು): ಒಂದನೇ ತರಗತಿಯ ಮಗುವಿನ ಮುಂದೆ ಹಸುವಿನ ಚಿತ್ರ ಹಿಡಿದು 'ಇದೇನು?' ಎಂದು ಕೇಳಿದರೆ ಈ ಭಾಗದಲ್ಲಿ ಮೂರು ಉತ್ತರಗಳು ಬರಲು ಸಾಧ್ಯ. ಪಠ್ಯಪುಸ್ತಕದ ಭಾಷೆಯಲ್ಲಿ ಅದು 'ಹಸು'. ಓಣಿಯ ಕನ್ನಡದಲ್ಲಿ 'ಆಕಳು'. ತೆಲುಗು ಮನೆಮಾತಿನ ಮಗುವಿಗೆ ಅದು 'ಆವು'. ಮೂರೂ ಸರಿಯೇ. ಆದರೆ ಸರಿ ಗುರುತು ಬೀಳುವುದು ಸಾಮಾನ್ಯವಾಗಿ ಮೊದಲನೆಯದಕ್ಕೆ. 'ಆವು' ಎಂಬುದು ಕನ್ನಡಕ್ಕೂ ಪರಕೀಯವಲ್ಲ ಎಂಬುದು ಹಳಗನ್ನಡ ಬಲ್ಲವರಿಗೆ ತಿಳಿದ ಸಂಗತಿ. ಆರು ವರ್ಷದ ಮಗು ಆ ಸಮರ್ಥನೆಯನ್ನು ಮುಂದಿಡಲಾರದು. ಎರಡು ಸಲ ತಪ್ಪು ಎನಿಸಿಕೊಂಡ ಮಗು ಮೂರನೆಯ ಸಲ ಬಾಯಿ ತೆರೆಯಲು ಹಿಂಜರಿಯುತ್ತದೆ.

ಮಕ್ಕಳ ಚಿತ್ರಪುಸ್ತಕಗಳ ಕುರಿತು ನಗರಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕರೂರಿನಂತಹ ಗಡಿ ಹೋಬಳಿಯಿಂದ ನೋಡಿದಾಗ ಪ್ರಶ್ನೆಯ ಸ್ವರೂಪವೇ ಬೇರೆ. ಇಲ್ಲಿ ಚಿತ್ರಪುಸ್ತಕ ಓದಿನ ಅಲಂಕಾರವಲ್ಲ. ತನ್ನ ಮಾತಿನಲ್ಲಿ ಉತ್ತರ ಕೊಟ್ಟರೂ ತಪ್ಪಾಗದಂತಹ ಜಾಗ ಶಾಲೆಯೊಳಗೆ ಒಂದಾದರೂ ಇದೆ ಎಂದು ಮಗುವಿಗೆ ತೋರಿಸಿಕೊಡುವ ಸಾಧನ. ಬಣ್ಣದ ಪುಸ್ತಕಗಳಿಗೆ ಸರ್ಕಾರ ಹಣ ಕೊಡುತ್ತದೆ, ಪುಸ್ತಕಗಳೂ ಬರುತ್ತವೆ. ಅವು ಮಾಡಬೇಕಾದ ಈ ಕೆಲಸ ಮಾತ್ರ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ.

ಗೆರೆ ಎಳೆದರೂ ಮಾತು ಸೀಳಲಿಲ್ಲ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಸಿರುಗುಪ್ಪ ಈಚೆ ಉಳಿಯಿತು. ನಕ್ಷೆಯ ಮೇಲೆ ಗೆರೆ ಬಿದ್ದರೂ ಸಂತೆ, ಬೀಗತನ, ಕೂಲಿ ಯಾವುದೂ ಆ ಗೆರೆಗೆ ತಲೆಬಾಗಲಿಲ್ಲ. ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತ ಕುಟುಂಬಗಳು ಅಚ್ಚುಕಟ್ಟು ಪ್ರದೇಶದಲ್ಲಿ ನೆಲೆಸಿದವು. ಅವರ ನೆಲೆಗಳಿಗೆ ಇಂದಿಗೂ 'ಕ್ಯಾಂಪ್' ಎಂದೇ ಹೆಸರು. ಅತ್ತ ಕರ್ನೂಲು, ಅನಂತಪುರ ಜಿಲ್ಲೆಗಳ ಗಡಿಯೂರುಗಳಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿನ ಮಗುವಿನದೂ ಇದೇ ಸಮಸ್ಯೆ, ತಿರುವುಮುರುವಾಗಿ.

ತೆಲುಗಿನ ಜೊತೆಗೆ ಉರ್ದು ಮನೆಮಾತಿನ ಮಕ್ಕಳಿದ್ದಾರೆ. ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮಾತು. ಅಚ್ಚಗನ್ನಡದ ಮನೆಯ ಮಗುವಿಗೂ ಪಠ್ಯದ ಕನ್ನಡ ಅರ್ಧ ಪರಭಾಷೆಯೇ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದರೆ ಬಳ್ಳಾರಿ ಜಿಲ್ಲೆಯದು ಶೇ 67ರ ಆಸುಪಾಸಿನಲ್ಲಿತ್ತು. ಭತ್ತ, ಹತ್ತಿ, ಮೆಣಸಿನಕಾಯಿಯ ಸುಗ್ಗಿಯಲ್ಲಿ ತಾಯಂದಿರು ಹೊಲಕ್ಕೆ ಹೋದಾಗ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಹೆಣ್ಣುಮಕ್ಕಳ ಹೆಗಲಿಗೇರುತ್ತದೆ. ಇಂತಹ ಮನೆಗಳ ಮಕ್ಕಳಲ್ಲಿ ಹಲವರಿಗೆ ಶಾಲೆಯಲ್ಲಿ ಸಿಗುವ ಪುಸ್ತಕವೇ ಮೊದಲ ಪುಸ್ತಕ. ಅದು ಪ್ರಶ್ನೋತ್ತರದ ಪುಸ್ತಕವಾದರೆ, ಪುಸ್ತಕವೆಂದರೆ ಪರೀಕ್ಷೆ ಎಂಬ ಭಾವನೆ ಅಲ್ಲಿಯೇ ಬೇರೂರುತ್ತದೆ.

ಹೆಸರು ಹೇಳಿಸುವ ಚಿತ್ರ, ಕಥೆ ಹೇಳಿಸುವ ಚಿತ್ರ

ಚಿತ್ರವಿರುವ ಪುಸ್ತಕಗಳೆಲ್ಲ ಚಿತ್ರಪುಸ್ತಕಗಳಲ್ಲ. ಈ ವ್ಯತ್ಯಾಸ ಅರ್ಥವಾಗದೆ ಉಳಿದುದೆಲ್ಲ ಅರ್ಥವಾಗದು. 1658ರಲ್ಲಿ ಕೊಮೆನಿಯಸ್ ಎಂಬ ಶಿಕ್ಷಣತಜ್ಞ ಮಕ್ಕಳಿಗಾಗಿ ಸಚಿತ್ರ ಪುಸ್ತಕವೊಂದನ್ನು ಹೊರತಂದ. ಪ್ರತಿಯೊಂದು ವಸ್ತುವಿನ ಚಿತ್ರಕ್ಕೂ ಒಂದು ಸಂಖ್ಯೆ, ಅದರೆದುರು ಲ್ಯಾಟಿನ್ ಮತ್ತು ಜರ್ಮನ್ ಹೆಸರು. ಶಿಕ್ಷಣದ ಇತಿಹಾಸದಲ್ಲಿ ಅದು ದೊಡ್ಡ ಹೆಜ್ಜೆ. ನಮ್ಮ ಶಾಲಾ ಗೋಡೆಗಳ ಮೇಲಿನ 'ಅ' ಅಗಸ, 'ಆ' ಆನೆ ಪಟಗಳೆಲ್ಲ ಅದೇ ವಂಶದವು. ಅಲ್ಲಿ ಚಿತ್ರಕ್ಕೆ ಒಂದೇ ಉತ್ತರ.

ಇನ್ನೊಂದು ವಂಶದಲ್ಲಿ ಚಿತ್ರವೇ ಕಥೆಯನ್ನು ನಡೆಸುತ್ತದೆ. 1963ರಲ್ಲಿ ಬಂದ ಅಮೆರಿಕದ ಮಾರಿಸ್ ಸೆಂಡಾಕ್ ಅವರ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' ಇದರ ಪ್ರಸಿದ್ಧ ನಿದರ್ಶನ. ತುಂಟತನಕ್ಕಾಗಿ ಊಟವಿಲ್ಲದೆ ಮಲಗುವ ಶಿಕ್ಷೆ ಪಡೆದ ಹುಡುಗನ ಕೋಣೆಯಲ್ಲಿ ಕಾಡು ಬೆಳೆಯುತ್ತಾ ಹೋದಂತೆ ಪುಟದ ಮೇಲಿನ ಚಿತ್ರವೂ ಹಿಗ್ಗುತ್ತದೆ. ಕೊನೆಗೆ ಮಾತೇ ಇಲ್ಲದ ಪುಟಗಳು ಬರುತ್ತವೆ. ಅಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೋಡುವ ಮಗುವೇ ಹೇಳಬೇಕು. ಹೇಳಲು ಭಾಷೆ ಯಾವುದಾದರೂ ಆದೀತು.

ದೊಡ್ಡವರು ಕೇಳುವ ಬಗೆಯಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೂ ಆಧಾರವಿದೆ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎಳೆಯ ಮಕ್ಕಳ ಹೆತ್ತವರ ಎರಡು ಗುಂಪುಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಒಂದು ಗುಂಪು ಎಂದಿನಂತೆ ಪುಸ್ತಕ ಓದಿ ಹೇಳಿತು. ಇನ್ನೊಂದು ಗುಂಪಿನವರು ಓದುವುದನ್ನು ನಿಲ್ಲಿಸಿ ನಿಲ್ಲಿಸಿ, 'ಏನಾಗುತ್ತಿದೆ? ಯಾಕೆ ಹೀಗೆ ಮಾಡಿದ?' ಎಂದು ಕೇಳಿ, ಮಗುವಿನ ಉತ್ತರವನ್ನೇ ಬೆಳೆಸಿದರು. ಒಂದೇ ತಿಂಗಳಲ್ಲಿ ಎರಡನೆಯ ಗುಂಪಿನ ಮಕ್ಕಳು ಮಾತಿನ ಸಾಮರ್ಥ್ಯದಲ್ಲಿ ಮುಂದೆ ಸಾಗಿದ್ದರು. ವ್ಯತ್ಯಾಸ ತಂದದ್ದು ಓದಿನ ಸಮಯವಲ್ಲ, ಪ್ರಶ್ನೆಯ ರೀತಿ. ಇದಕ್ಕೆ ದುಬಾರಿ ಪುಸ್ತಕವೂ ಬೇಕಿಲ್ಲ, ಸ್ಮಾರ್ಟ್ ತರಗತಿಯೂ ಬೇಕಿಲ್ಲ.

ಕನ್ನಡದಲ್ಲಿ ಹಾಡಿಗೆ ಬರವಿಲ್ಲ, ಚಿತ್ರಕ್ಕೆ ಬರ

ಕನ್ನಡ ಮಕ್ಕಳ ಸಾಹಿತ್ಯ ಬಡವೆಂದು ಯಾರೂ ಹೇಳಲಾರರು. ಪಂಜೆ ಮಂಗೇಶರಾಯರಿಂದ ಆರಂಭಿಸಿ ಶಿಶುಗೀತೆಗಳ ದೊಡ್ಡ ಪರಂಪರೆಯೇ ಇದೆ. 1930ರ ದಶಕದಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ಸಚಿತ್ರ 'ಬಾಲ ಪ್ರಪಂಚ'ವನ್ನು ಕೊಟ್ಟರು. 1949ರಲ್ಲಿ ಕನ್ನಡಕ್ಕೆ ಬಂದ 'ಚಂದಮಾಮ'ದ ಚಿತ್ರಗಳನ್ನು ನೋಡಿ ಬೆಳೆದವರು ಇಂದಿಗೂ ಅವನ್ನು ಮರೆತಿಲ್ಲ. 'ಅಮರ ಚಿತ್ರ ಕಥಾ' ಮಾಲಿಕೆಯ ಮೂಲ ಕೂಡ ಕನ್ನಡದಲ್ಲಿದೆ ಎಂಬುದು ಅನೇಕರಿಗೆ ಅಚ್ಚರಿ ತರಬಹುದು. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಬಂದವು. ಆ ಬಳಿಕ ಇಂಗ್ಲಿಷಿನಲ್ಲಿ ಬಂದ 'ಕೃಷ್ಣ' ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾದದ್ದು ಈ ಕಾರಣಕ್ಕೆ.

ಇಷ್ಟಾದರೂ ಚಿತ್ರ ಮಾತಿನ ಊಳಿಗದಲ್ಲಿಯೇ ಉಳಿಯಿತು. ಲೇಖಕರ ಹೆಸರು ಮುಖಪುಟದಲ್ಲಿ, ಕಲಾವಿದರ ಹೆಸರು ಒಳಪುಟದ ಮೂಲೆಯಲ್ಲಿ. ಕಥೆ ಮುಗಿಯುತ್ತಿದ್ದಂತೆ ದಪ್ಪಕ್ಷರದಲ್ಲಿ ನೀತಿ. ನೀತಿ ಅಚ್ಚಾದ ಮೇಲೆ ಮಗು ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲಿಕೆ ಈ ಜಾಡಿನಿಂದ ಕೊಂಚ ಹೊರಬಂದಿತ್ತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಬಣ್ಣದ ಪುಸ್ತಕಗಳನ್ನು ಕನ್ನಡದಲ್ಲಿಯೂ ತಂದಿತು. 2015ರಲ್ಲಿ ಅದೇ ಸಂಸ್ಥೆ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಪುಸ್ತಕಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಬಹುದು. ಅಷ್ಟೇ ಅಲ್ಲ, ತಮ್ಮ ಮಾತಿಗೆ ಅನುವಾದಿಸಲೂಬಹುದು. ಒಂದೇ ಚಿತ್ರದ ಕೆಳಗೆ ಕನ್ನಡವನ್ನೂ ತೆಲುಗನ್ನೂ ಇಡುವ ಅನುಕೂಲ ಗಡಿಭಾಗದ ಶಿಕ್ಷಕರಿಗೆ ಈಗ ಅಂಗೈಯಲ್ಲಿದೆ.

ಅನುವಾದ ಸಾಕಷ್ಟು ಬಂದರೂ ಈ ನೆಲದ ಚಿತ್ರ ಬಂದಿಲ್ಲ ಎಂಬುದು ನಿಜವಾದ ಕೊರತೆ. ಯಾವುದೇ ಚಿತ್ರಕಲಾ ಸ್ಪರ್ಧೆಯ ಹಾಳೆಗಳನ್ನು ತಿರುವಿ ಹಾಕಿದರೂ ಕಾಣುವುದು ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಹಂಚಿನ ಇಳಿಜಾರು ಮನೆ, ಪಕ್ಕಕ್ಕೊಂದು ತೆಂಗಿನಮರ. ಎರೆಭೂಮಿಯ ಬಯಲಿನಲ್ಲಿ, ಮಣ್ಣಿನ ಮಾಳಿಗೆಯ ಚಪ್ಪಟೆ ಮನೆಗಳ ನಡುವೆ ಬೆಳೆದ ಮಗುವೂ ಅದನ್ನೇ ಬರೆಯುತ್ತದೆ. ಭತ್ತದ ಗದ್ದೆ, ಕಾಲುವೆಯ ಏರಿ, ಹಗರಿಯ ಮರಳು, ಕಣದಲ್ಲಿ ಹರಡಿದ ಕೆಂಪು ಮೆಣಸಿನಕಾಯಿ, ಮಿರ್ಚಿ ಕರಿಯುವ ಬಂಡಿ ಇವೆಲ್ಲ ಚಿತ್ರಕ್ಕೆ ಯೋಗ್ಯವೆಂದು ಆ ಮಗುವಿಗೆ ಯಾವ ಪುಸ್ತಕವೂ ತೋರಿಸಿಕೊಟ್ಟಿಲ್ಲ.

ಬಂಡೆಯಿಂದ ತೊಗಲಿನವರೆಗೆ

ಚಿತ್ರದ ಪರಂಪರೆ ಇಲ್ಲಿ ಇಲ್ಲದ್ದಲ್ಲ. ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. ಈ ಭಾಗದ ಅತಿ ಹಳೆಯ ಅಕ್ಷರಗಳು ಅವು. ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲು-ಕುಪಗಲ್ಲು ಗುಡ್ಡದ ಬಂಡೆಗಳ ಮೇಲಿನ ಗೂಳಿಗಳ ಮತ್ತು ಮನುಷ್ಯರ ಕುಟ್ಟುಚಿತ್ರಗಳ ಪರಂಪರೆ ನವಶಿಲಾಯುಗದಷ್ಟು ಹಿಂದಕ್ಕೆ ಹೋಗುತ್ತದೆ. ಇಲ್ಲಿ ಅಕ್ಷರಕ್ಕೂ ಮೊದಲು ಚಿತ್ರವಿತ್ತು.

ಈಚಿನ ಕಾಲಕ್ಕೆ ಬಂದರೆ ತೊಗಲುಗೊಂಬೆ. 2023ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣ ಈ ಕಲೆಯನ್ನು ಹೊರನಾಡುಗಳಿಗೂ ಕೊಂಡೊಯ್ದರು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಬಣ್ಣ ಹಾಕಿ ಕೊರೆದ ತೊಗಲಿನ ಹಿಂದೆ ದೀಪ ಹಿಡಿದು, ಪರದೆಯ ಮೇಲೆ ಒಂದೊಂದೇ ಚಿತ್ರ ತಂದು ಕಥೆ ಹೇಳುವ ಈ ಆಟ ಊರಿಗೆ ಊರೇ ಕೂಡಿ ನೋಡುವ ಚಿತ್ರಪುಸ್ತಕವಲ್ಲದೆ ಮತ್ತೇನು? ಅದರಲ್ಲಿ ರಾಮ ರಾವಣರು ಗಂಭೀರ ಭಾಷೆಯಲ್ಲಿ ಮಾತಾಡುವಾಗ ನಡುವೆ ನುಗ್ಗುವ ಕಿಳ್ಳೇಕ್ಯಾತನದು ಓಣಿಯ ಮಾತು. ಮಕ್ಕಳು ಎದ್ದು ಕುಳಿತು ನಗುವುದು ಆಗಲೇ.

ಬೀರುವಿನೊಳಗಿನ ಅನುದಾನ

ಸರ್ಕಾರದ ಕಡೆಯಿಂದ ಆದ ಪ್ರಯತ್ನಗಳು ಕಡಿಮೆಯೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' 2009-10ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿತು. ಚಿತ್ರವಿರುವ ಕಾರ್ಡುಗಳು, ಕಲಿಕಾ ಏಣಿ, ಗುಂಪುಗೂಡಿ ಕೂರುವ ಮಕ್ಕಳು, ಕಲ್ಪನೆ ಸೊಗಸಾಗಿತ್ತು. ಆದರೆ ಏಣಿಯ ಯಾವ ಮೆಟ್ಟಿಲನ್ನು ಮಗು ಏರಿತು ಎಂಬುದನ್ನು ದಾಖಲಿಸುವ ಧಾವಂತದಲ್ಲಿ ಕಾರ್ಡಿನ ಚಿತ್ರದ ಮುಂದೆ ನಿಂತು ಹರಟುವ ಬಿಡುವು ಶಿಕ್ಷಕರಿಗೆ ಸಿಗುವುದು ಕಷ್ಟ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶ ಕಲ್ಪಿಸಲಾಯಿತು. 2020ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಮಕ್ಕಳಿಗೆ ತೆರೆಯಿತು. ಮಕ್ಕಳಿಗೆ ಸದಸ್ಯತ್ವ ಉಚಿತ. ಇದೊಂದು ಶ್ಲಾಘನೀಯ ಹೆಜ್ಜೆ.

ತೊಡಕು ಇರುವುದು ಆಮೇಲಿನ ಹಂತದಲ್ಲಿ. ಪುಟ ಎಣಿಸಿ ಬೆಲೆ ಕಟ್ಟುವ ಸಗಟು ಖರೀದಿಯ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಪುಟದ ಬಣ್ಣದ ಪುಸ್ತಕ ಸೋಲುತ್ತದೆ. ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಗೆಲ್ಲುತ್ತದೆ. ಬಂದ ಪುಸ್ತಕ ದಾಸ್ತಾನು ವಹಿಗೆ ಏರಿದೊಡನೆ ಸರ್ಕಾರಿ ಆಸ್ತಿಯಾಗುತ್ತದೆ. ಹರಿದರೆ ಹೊಣೆ ಯಾರು ಎಂಬ ಭಯಕ್ಕೆ ಬೀರುವಿಗೆ ಬೀಗ. ಶಿಕ್ಷಕರನ್ನು ಮಾತ್ರ ದೂಷಿಸಿ ಪ್ರಯೋಜನವಿಲ್ಲ. ಲೆಕ್ಕಪರಿಶೋಧನೆಗೆ ಬಂದವರು ಕೇಳುವುದು ಎಷ್ಟು ಪುಸ್ತಕಗಳಿವೆ ಎಂದು, ಎಷ್ಟು ಸವೆದಿವೆ ಎಂದಲ್ಲ. ಮೂಲೆ ಮಡಚದ, ಬೆರಳಚ್ಚು ಬೀಳದ ಮಕ್ಕಳ ಪುಸ್ತಕ ವ್ಯರ್ಥ ಖರೀದಿ ಎಂದು ಟಿಪ್ಪಣಿ ಬರೆಯುವ ಪರಿಶೋಧಕರು ಇನ್ನೂ ಬರಬೇಕಾಗಿದೆ.

371 (ಜೆ) ಜಾರಿಯಾದ 2013ರ ನಂತರ ಕಲ್ಯಾಣ ಕರ್ನಾಟಕಕ್ಕೆ ಹರಿದುಬಂದ ಹಣದಲ್ಲಿ ಶಾಲಾ ಕೊಠಡಿಗಳು ಎದ್ದಿವೆ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಪೂರ್ವ ಪ್ರಾಥಮಿಕ ತರಗತಿಗಳೂ ಆರಂಭವಾಗಿವೆ. 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ, ಕನಿಷ್ಠ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಬೋಧನೆಯಾಗಬೇಕೆಂದು ಶಿಫಾರಸು ಮಾಡಿದೆ. 'ಅಥವಾ' ಎಂಬ ಪದ ಬರೆಯಲು ಸುಲಭ. ಕನ್ನಡ, ತೆಲುಗು, ಉರ್ದು ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತ ಗಡಿಯ ತರಗತಿಯಲ್ಲಿ ಅದನ್ನು ಜಾರಿಗೊಳಿಸುವುದು ಹೇಗೆ? ಮಾತಿಲ್ಲದ ಚಿತ್ರಪುಸ್ತಕ ಇದಕ್ಕೆ ಪೂರ್ಣ ಪರಿಹಾರವಲ್ಲ. ಆದರೆ ಆ ಚಾಪೆಯ ಮೇಲಿನ ಎಲ್ಲ ಮಕ್ಕಳೂ ಒಟ್ಟಿಗೆ ಓದಬಹುದಾದ ಪುಸ್ತಕ ಸದ್ಯಕ್ಕೆ ಅದೊಂದೇ.

ಚೀಟಿ ಓದುವ ಮಕ್ಕಳು

ಇದರ ಪರಿಣಾಮ ತರಗತಿಯ ಗೋಡೆಗೆ ನಿಲ್ಲುವುದಿಲ್ಲ. ಗ್ರಾಮ ಪಂಚಾಯಿತಿಗಳು ಪ್ರತಿ ವರ್ಷ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಶೌಚಾಲಯಕ್ಕೆ ನೀರಿಲ್ಲ, ಬಸ್ ನಿಲ್ಲಿಸುವುದಿಲ್ಲ, ಅಕ್ಕನಿಗೆ ಮದುವೆ ಗೊತ್ತುಮಾಡುತ್ತಿದ್ದಾರೆ ಎಂದು ಮಕ್ಕಳೇ ಎದ್ದು ಹೇಳಲೆಂದು ರೂಪಿಸಿದ ಸಭೆ ಅದು. ಅನೇಕ ಕಡೆ ನಡೆಯುವುದು ಮಾತ್ರ ದೊಡ್ಡವರು ಬರೆದುಕೊಟ್ಟ ಚೀಟಿಯ ವಾಚನ. 'ನಿನಗೇನು ಕಾಣಿಸುತ್ತಿದೆ?' ಎಂದು ಆರನೇ ವಯಸ್ಸಿನಲ್ಲಿ ಯಾರೂ ಕೇಳದ ಹುಡುಗಿಗೆ ಹನ್ನೆರಡನೇ ವಯಸ್ಸಿನಲ್ಲಿ ಮೈಕು ಕೊಟ್ಟರೆ ಆಕೆ ಚೀಟಿಯನ್ನಲ್ಲದೆ ಮತ್ತೇನು ಓದಿಯಾಳು?

ಕೆಲಸ ಆರಂಭಿಸಲು ಹೊಸ ಯೋಜನೆಗೆ ಕಾಯಬೇಕಾಗಿಲ್ಲ. ವಾರಕ್ಕೊಂದು ಅವಧಿ, ಒಂದು ಚಿತ್ರಪುಸ್ತಕ, ಸರಿ ತಪ್ಪಿನ ಗುರುತಿಲ್ಲದ ಮಾತು. ಮಗು 'ಆವು' ಎಂದರೆ 'ಹೌದು, ಆವು. ಇವಳು ಆಕಳು ಅನ್ನುತ್ತಾಳೆ, ಪುಸ್ತಕದಲ್ಲಿ ಹಸು ಅಂತ ಇದೆ' ಎಂದು ಮೂರನ್ನೂ ಹಲಗೆಯ ಮೇಲೆ ಬರೆಯುವಷ್ಟು ಸಮಾಧಾನ ಶಿಕ್ಷಕರಿಗೆ ಬೇಕು. ಮಕ್ಕಳು ಚಿತ್ರ ಬರೆದು, ತಮ್ಮ ಮಾತನ್ನು ಕೆಳಗೆ ಗೀಚಿ, ಹಾಳೆಗಳನ್ನು ದಾರದಿಂದ ಹೊಲಿದರೆ ಅದೂ ಒಂದು ಪುಸ್ತಕ. ಅದನ್ನು ಗ್ರಂಥಾಲಯಕ್ಕೆ ಸೇರಿಸಲು ಹೋದಾಗ ದಾಸ್ತಾನು ವಹಿಯಲ್ಲಿ ಬೆಲೆ ಮತ್ತು ಪ್ರಕಾಶಕರ ಕಾಲಂನಲ್ಲಿ ಏನು ಬರೆಯಬೇಕು ಎಂಬುದನ್ನು ಇಲಾಖೆ ಒಂದು ಸುತ್ತೋಲೆಯಲ್ಲಿ ತಿಳಿಸಿದರೆ ಸಾಕು.