ಮೊದಲ ವಾರ ಯಾರಿಗೆ?

ಯಾದಗಿರಿ, ಶಹಾಪುರ, ಸುರಪುರದ ಮಕ್ಕಳು ಮಾರುಕಟ್ಟೆಯಲ್ಲಿ ಮಾಲಿನ ಹರಾಜು ಕಂಡವರೇ. ದಿನಾಂಕವನ್ನೂ ಹರಾಜು ಹಾಕಬಹುದೇ? ಹಾಕಬಹುದು!

ಮಿರಗ ಮಳೆಗೆ ಮುನ್ನ ಬಡಿಗನ ಬಳಿ ಮೂವರು ಬಂದರೆನ್ನಿ. ಒಬ್ಬನಿಗೆ ಕೂರಿಗೆ, ಒಬ್ಬನಿಗೆ ಬಾಗಿಲು, ಇನ್ನೊಬ್ಬನಿಗೆ ಮಂಚ ಬೇಕು. ಮೊದಲ ವಾರದಲ್ಲಿ ಒಂದೇ ಕೆಲಸ ಸಾಧ್ಯ. ಆ ವಾರಕ್ಕಾಗಿ ಕೊಡಬಲ್ಲ ಹೆಚ್ಚಿನ ಹಣವನ್ನು ಮೂವರೂ ಗುಟ್ಟಾಗಿ ಚೀಟಿಯಲ್ಲಿ ಬರೆಯುತ್ತಾರೆ: 200, 120, 80 ರೂಪಾಯಿ. ಗೆದ್ದ ಕೂರಿಗೆಯವನು ಕೊಡುವುದು ಎರಡನೆಯ ಮೊತ್ತ, ಅಂದರೆ 120 ಮಾತ್ರ. ಕಡಿಮೆ ಬರೆದರೆ ಸರದಿ ತಪ್ಪೀತು. ಹೆಚ್ಚು ಬರೆದರೆ ನಷ್ಟವಾದೀತು. ಆದ್ದರಿಂದ ನಿಜ ಬರೆಯುವುದೇ ಲೇಸು. 1961ರಲ್ಲಿ ಈ ಬಗೆಯ ಹರಾಜನ್ನು ವಿವರಿಸಿದ ವಿಲಿಯಂ ವಿಕ್ರಿಗೆ 1996ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಪಾಲು ದೊರೆಯಿತು.

ಆದರೆ ಕೂರಿಗೆಯವನ ಕೈಯಲ್ಲಿ 50 ರೂಪಾಯಿಯೇ ಇದ್ದರೆ? ಬಾಗಿಲು ಮೊದಲಾಗುತ್ತದೆ, ಬಿತ್ತನೆ ತಪ್ಪುತ್ತದೆ. ಚೀಟಿ ಅಳೆಯುವುದು ಕೊಡುವ ಶಕ್ತಿಯನ್ನು, ಅಗತ್ಯವನ್ನಲ್ಲ. ನೀವೇ ಬಡಿಗರಾಗಿದ್ದರೆ ಏನು ಮಾಡುತ್ತಿದ್ದಿರಿ? ಮನೆಯವರೊಡನೆ ಚರ್ಚಿಸಿ.